ದಿನವೆಲ್ಲ ರೋಗಿಗಳ ಆರೈಕೆ, ಸಂಜೆ ಕೆಂಚಿ: ಈ ನಾಯಿಯನ್ನು ನಾನು ಇಟ್ಟುಕೊಳ್ಳಬಹುದಾ?

ಮನೆಮನೆ ಸಿಸ್ಟರ್, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್. ವಾರ್ಡ್ ಡ್ಯೂಟಿ ಅಲ್ಲ, ಮನೆಗಳಿಗೆ ಹೋಗಿ ಮಾಡುವ ಕೆಲಸ. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದವರ ನೋವು ಕಡಿಮೆ ಮಾಡುವುದು, ಇರುವಷ್ಟು ದಿನ ಅವರು ನೆಮ್ಮದಿಯಾಗಿ ಇರುವ ಹಾಗೆ ನೋಡಿಕೊಳ್ಳುವುದು. ಪ್ಯಾಲಿಯೇಟಿವ್ ಕೇರ್ ಅಂತಾರಲ್ಲ, ಅದು. ಸ್ಕೂಟರಿನಲ್ಲಿ ಬ್ಯಾಗ್ ಇಟ್ಟುಕೊಂಡು ಕುವೆಂಪುನಗರ, ಹೆಬ್ಬಾಳ, ಬೋಗಾದಿ, ಒಮ್ಮೊಮ್ಮೆ ನಂಜನಗೂಡು ರಸ್ತೆಯ ಹಳ್ಳಿಗಳ ತನಕ ಹೋಗುತ್ತೇನೆ. ಬಿಪಿ ನೋಡುವ ಮೆಷಿನ್, ಡ್ರೆಸ್ಸಿಂಗ್ ಸೆಟ್, ಕ್ಯಾಥೆಟರ್, ಮೂಗಿನ ಟ್ಯೂಬ್, ಗ್ಲೌಸ್, ಎಲ್ಲ ಅದೇ ಬ್ಯಾಗಿನಲ್ಲಿ.

ನನ್ನ ರೋಗಿಗಳಲ್ಲಿ ಬಾಯಿ ಕ್ಯಾನ್ಸರಿನವರು ಜಾಸ್ತಿ. ಹೊಗೆಸೊಪ್ಪು, ಗುಟ್ಕಾ ಹಾಕಿದವರು. ಕೆನ್ನೆ ತೂತಾಗಿ ಗಾಯ ಹೊರಗೆ ಬಂದಿರುತ್ತದೆ. ವಾಸನೆಗೆ ಮನೆಯವರೇ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಉದುರಿಸಿದರೆ ವಾಸನೆ ತಗ್ಗುತ್ತದೆ. ಹುಳ ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆ ಹಾಕಿ, ಅವು ಮೇಲೆ ಬಂದಾಗ ಚಿಮಟದಲ್ಲಿ ಒಂದೊಂದನ್ನೇ ತೆಗೆಯಬೇಕು. ಕೇಳುವವರಿಗೆ ಇದೇ ಕಷ್ಟ ಅನ್ನಿಸಬಹುದು. ನನಗೆ ಅದು ಕಷ್ಟವಲ್ಲ. ಕೈಗೆ ಬಂದ ಕೆಲಸ. ಮಾಡಿ ಮುಗಿಸಿದ ಮೇಲೆ ಆ ಮನುಷ್ಯ ಕನ್ನಡಿ ನೋಡಿಕೊಂಡು, ಪಕ್ಕದಲ್ಲಿ ಮೊಮ್ಮಗು ಬಂದು ಕೂತರೆ ನನಗೂ ಸಂತೋಷವೇ.

ಕಷ್ಟ ಇರುವುದು ಬಾಗಿಲಲ್ಲಿ. ಚಪ್ಪಲಿ ಹಾಕಿಕೊಳ್ಳುವಾಗ ಮಗಳೋ ಹೆಂಡತಿಯೋ ಹಿಂದೆಯೇ ಬರುತ್ತಾರೆ. ಒಳಗೆ ಕೇಳಿಸಬಾರದು ಅಂತ ಮೆಲ್ಲಗೆ, "ಸಿಸ್ಟರ್, ಇನ್ನೆಷ್ಟು ದಿನ?" ಅಂತಾರೆ. ಮೊನ್ನೆ ಒಬ್ಬ ತಾಯಿ, "ದುಬೈನಲ್ಲಿರೋ ಮಗನಿಗೆ ಈಗಲೇ ಬಾ ಅನ್ನಲಾ, ಹಬ್ಬಕ್ಕೆ ಬಂದರೆ ಸಾಕಾ?" ಅಂತ ಕೇಳಿದರು. ಈಗ ಬಂದು ಹೋದರೆ ಆಮೇಲೆ ಮತ್ತೆ ರಜೆ ಸಿಗುವುದಿಲ್ಲ. ಹಬ್ಬಕ್ಕೆ ಅಂದರೆ ಅಷ್ಟರಲ್ಲಿ ಏನಾಗುತ್ತೋ. ನಾನು ಡಾಕ್ಟರ ಹತ್ತಿರ ಮಾತಾಡಿ, ಈಗಲೇ ಕರೆಸಿ ಅಂದೆ. ಆ ಒಂದು ಮಾತನ್ನು ಹೇಳಲು ಎಷ್ಟು ಶಕ್ತಿ ಬೇಕು ಅನ್ನುವುದು ಈ ಕೆಲಸದಲ್ಲಿರುವವರಿಗೆ ಗೊತ್ತು. ಇಂಥ ಬಾಗಿಲುಗಳು ದಿನಕ್ಕೆ ಹಲವು.

ಮನೆಗೆ ಬಂದ ಮೇಲೆ ನನ್ನಲ್ಲಿ ಮಾತು ಉಳಿದಿರುವುದಿಲ್ಲ. ನನ್ನ ಗಂಡ ಒಳ್ಳೆಯವರು. "ಏನಾಯ್ತು ಹೇಳು, ಮನಸ್ಸು ಹಗುರ ಆಗುತ್ತೆ" ಅಂತಾರೆ. ಹೇಳಲು ಹೊರಟರೆ ಮತ್ತೆ ಆ ಬಾಗಿಲಲ್ಲೇ ಹೋಗಿ ನಿಂತ ಹಾಗೆ ಆಗುತ್ತದೆ. ಮಗಳು ಏಳನೇ ಕ್ಲಾಸು. ಅವಳ ಸ್ಕೂಲಿನ ಸುದ್ದಿ ಕೇಳುತ್ತಾ ಕೂತಿರುತ್ತೇನೆ, ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಈಗ ಕೆಂಚಿಯ ವಿಷಯ. ನಾವು ಇರುವುದು ಮೊದಲ ಮಹಡಿಯಲ್ಲಿ, ಬಾಡಿಗೆಗೆ. ಕೆಳಗೆ ಓನರ್ ಅಂಕಲ್, ಆಂಟಿ. ಕೆಂಚಿ ಅವರು ಸಾಕಿದ ನಾಡುನಾಯಿ. ಮರಿಯಾಗಿದ್ದಾಗ ಯಾರೋ ಗೇಟಿನ ಹತ್ತಿರ ಬಿಟ್ಟುಹೋಗಿದ್ದಂತೆ. ಕೆಂದು ಮೈ, ಎಡಗಿವಿಯ ತುದಿ ಹರಿದಿದೆ, ಮುಂಗಾಲು ಎರಡೂ ಬಿಳಿ. ಸುಮಾರು ಏಳು ವರ್ಷ ಇರಬಹುದು ಅಂತಾರೆ. ಸಂಜೆ ನಾನು ಸ್ನಾನ ಮಾಡಿ ಬಟ್ಟೆ ಬದಲಿಸಿ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತೇನೆ. ಅವಳು ಬಂದು ಗದ್ದವನ್ನು ನನ್ನ ಪಾದದ ಮೇಲೆ ಇಡುತ್ತಾಳೆ. ಅಷ್ಟೇ. ನೆಗೆಯುವುದಿಲ್ಲ, ನೆಕ್ಕುವುದಿಲ್ಲ. ನಾನು ಕಿವಿಯ ಹಿಂದೆ ಕೆರೆಯುತ್ತೇನೆ, ಉಣ್ಣಿ ಇದ್ದರೆ ತೆಗೆಯುತ್ತೇನೆ, ಹೊಟ್ಟೆ ಸವರುತ್ತೇನೆ.

ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆ. ದಿನವೆಲ್ಲ ನನ್ನ ಕೈ ನೋವಿರುವ ಮೈಗಳನ್ನೇ ಮುಟ್ಟುತ್ತದೆ. ಗ್ಲೌಸ್ ಹಾಕಿ, ಉಸಿರು ಬಿಗಿಹಿಡಿದು, ಎಲ್ಲಿ ಒತ್ತಿದರೆ ಏನಾಗುತ್ತದೋ ಅಂತ ಲೆಕ್ಕ ಹಾಕಿ ಮುಟ್ಟುತ್ತೇನೆ. ಮಗ್ಗುಲು ತಿರುಗಿಸುವಾಗ "ಅಮ್ಮಾ" ಅಂದರೆ ನನ್ನ ಕೈಯೂ ಬೆಚ್ಚುತ್ತದೆ. ಕೆಂಚಿಯ ಮೈ ಮೇಲೆ ಕೈ ಇಟ್ಟಾಗ ಆ ಲೆಕ್ಕ ಬೇಕಿಲ್ಲ. ಗಟ್ಟಿ ಮೈ, ಬೆಚ್ಚಗಿರುತ್ತದೆ, ಎಲ್ಲೂ ನೋವಿಲ್ಲ. ಒತ್ತಿ ಕೆರೆದಷ್ಟೂ ಅವಳಿಗೆ ಸುಖ. ನನ್ನ ಕೈಗೆ ಅದು ಬೇಕಾಗಿದೆ. ಅದಾದ ಮೇಲೆ ಮೇಲೆ ಹೋದರೆ ಮಗಳ ಮಾತು ಒಳಗೆ ಇಳಿಯುತ್ತದೆ.

ಈಗ ಅಂಕಲ್, ಆಂಟಿ ಬೆಂಗಳೂರಿಗೆ ಮಗಳ ಫ್ಲ್ಯಾಟಿಗೆ ಹೋಗುತ್ತಿದ್ದಾರೆ. ಅಂಕಲ್‌ಗೆ ಮಂಡಿ ಆಪರೇಷನ್ ಆಗಬೇಕು. ಅಲ್ಲಿ ಕೆಂಚಿಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಆಂಟಿ ನನ್ನನ್ನು ಕೇಳಿದ್ದಾರೆ, "ನೀನೇ ಇಟ್ಕೊಳಮ್ಮ, ನಿನ್ನನ್ನ ಹಚ್ಕೊಂಡಿದೆ". ಕೆಳಗಿನ ಮನೆಯನ್ನು ಸದ್ಯಕ್ಕೆ ಬಾಡಿಗೆಗೆ ಕೊಡುವುದಿಲ್ಲ, ಅಂಗಳವೂ ಅವಳಿಗೇ ಇರುತ್ತದೆ. ಮನೆಯಲ್ಲಿ ಗಂಡ, ಮಗಳು ಇಬ್ಬರಿಗೂ ಒಪ್ಪಿಗೆ.

ಒಪ್ಪಿಗೆ ಸಿಗದೇ ಇರುವುದು ನನ್ನಿಂದಲೇ. ಬೆಳಗ್ಗೆ ಹೋದರೆ ಸಂಜೆ ಬರುತ್ತೇನೆ, ರಾತ್ರಿಯೂ ಫೋನ್ ಬರುತ್ತದೆ. ಅವಳಿಗೆ ಎಷ್ಟು ಹೊತ್ತು ಕೊಡಲು ಆಗುತ್ತದೆ? ನನ್ನ ಆಯಾಸ ಎಲ್ಲ ಅವಳ ಮೇಲೆ ಹಾಕುವುದು ಸರಿಯಾ? ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೇರೆ. ಏಳು ವರ್ಷದ ನಾಯಿ. ಇನ್ನೊಂದೈದಾರು ವರ್ಷ ಅಂತ ಇಟ್ಟುಕೊಳ್ಳಿ. ಕೆಲಸದಲ್ಲಿ ಎಲ್ಲರನ್ನೂ ಕಳಿಸಿಕೊಡುವವಳು ನಾನು. ಮನೆಯಲ್ಲೂ ಒಬ್ಬಳನ್ನು ಕಳಿಸಿಕೊಡಲು ಈಗಲೇ ಒಪ್ಪಿಕೊಂಡ ಹಾಗಲ್ವಾ? ಈಗ ಅವಳು ಆಂಟಿಯ ನಾಯಿ. ನಾಳೆ ನನ್ನ ನಾಯಿ ಆದರೆ, ಅವಳ ಹತ್ತಿರ ಸಿಗುವ ಈ ನೆಮ್ಮದಿಯೇ ಇನ್ನೊಂದು ಜವಾಬ್ದಾರಿಯಾಗಿ ತಿರುಗಿಬಿಟ್ಟರೆ?

ಇಂಥ ಕೆಲಸ ಮಾಡುತ್ತಾ ನಾಯಿ ಸಾಕಿರುವವರು ದಯವಿಟ್ಟು ಹೇಳಿ.

ಸಕಲೇಶಪುರದ ಸೊಸೆ

ಸಿಸ್ಟರ್, ನಾನು ನರ್ಸ್ ಅಲ್ಲ. ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ. ಅವರಿಗೆ ಡಿಮೆನ್ಷಿಯಾ, ಮರೆವಿನ ಕಾಯಿಲೆ. ನಿಮ್ಮ ಕೈಯ ಮಾತು ಓದಿ ತುಂಬಾ ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದೆ.

ನಮ್ಮಲ್ಲಿ ಹೊತ್ತು ಇಳಿಯುವ ಸಮಯಕ್ಕೆ ಜೋರಾಗುತ್ತದೆ. ಈ ಕಾಯಿಲೆಯವರಿಗೆ ಸಂಜೆ ಆದಂತೆ ಗಲಿಬಿಲಿ ಹೆಚ್ಚು ಅಂತ ಡಾಕ್ಟರು ಮೊದಲೇ ಹೇಳಿದ್ದರು. "ನಮ್ಮನೆಗೆ ಹೋಗಬೇಕು, ಅಪ್ಪ ಕಾಯ್ತಿದಾರೆ" ಅಂತ ಶುರು. ಅವರ ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಇಲ್ಲ ಅಂದರೆ ಇವತ್ತೇ ಸತ್ತರು ಅನ್ನುವ ಹಾಗೆ ಅಳುತ್ತಾರೆ. ಹಾಗಾಗಿ ನಾನು ಇಲ್ಲ ಅನ್ನುವುದಿಲ್ಲ. "ಕಾಫಿ ಕುಡಿದು ಹೋಗೋಣ ಅತ್ತೆ" ಅನ್ನುತ್ತೇನೆ. ಐದು ನಿಮಿಷಕ್ಕೆ ಮತ್ತೆ ಅದೇ.

ನಮ್ಮ ಯಜಮಾನರು ತೋಟದಿಂದ ಬಂದು ಅವರ ಪಕ್ಕ ಕೂತ ಕೂಡಲೇ ನಾನು ಕರಿಯನನ್ನು ಕರೆದುಕೊಂಡು ಕಾಫಿ ಕಣದ ಕಡೆ ಹೋಗುತ್ತೇನೆ. ಕರಿಯ ತೋಟದ ನಾಯಿ, ಜಾತಿ ನಾಯಿ ಏನಲ್ಲ. ಅವನಿಗೆ ಅಲ್ಲಿ ನೂರೆಂಟು ಕೆಲಸ. ಬೇಲಿಯಲ್ಲಿ ಮುಂಗುಸಿ ಹೋಗಿದೆಯಾ ನೋಡಬೇಕು, ಸಿಲ್ವರ್ ಮರದ ಬುಡ ಮೂಸಬೇಕು, ಹಂದಿ ಕೆದಕಿದ ಮಣ್ಣನ್ನು ತಾನೂ ಒಂದಿಷ್ಟು ಕೆದಕಬೇಕು. ಅವನ ಹಿಂದೆ ಹೋಗುತ್ತಿದ್ದರೆ ನನ್ನ ಗಮನವೂ ಹೊರಗೆ ಹರಿಯುತ್ತದೆ. ಬೇಸಿಗೆಯಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿದ್ದರೂ ನನಗೆ ಗೊತ್ತಾಗದೇ ಹೋಗಿತ್ತು. ಅವನು ಗಿಡದ ಕೆಳಗೆ ನುಗ್ಗಿ ಬೆನ್ನ ಮೇಲೆ ಬಿಳಿ ಹೂ ಹೊತ್ತುಕೊಂಡು ಬಂದಾಗ ತಲೆ ಎತ್ತಿ ನೋಡಿದೆ.

ಒಂದು ಮಾತು ಮಾತ್ರ ಮರೆಮಾಚುವುದಿಲ್ಲ. ನಾಯಿ ಅಂದರೆ ಕೆಲಸವೇ. ಅತ್ತೆ ಇಡೀ ರಾತ್ರಿ ಮಲಗದ ದಿನ ಬೆಳಗ್ಗೆ ಎದ್ದು ಕರಿಯನಿಗೆ ರಾಗಿ ಗಂಜಿ ಕಾಯಿಸಬೇಕು ಅಂದರೆ ಸಾಕಪ್ಪಾ ಅನ್ನಿಸುತ್ತದೆ. ಆದರೆ ಆ ಕೆಲಸಕ್ಕೆ ಒಂದು ಮುಗಿತಾಯ ಇದೆ. ತಟ್ಟೆ ಇಟ್ಟೆ, ತಿಂದ, ಬಾಲ ಅಲ್ಲಾಡಿಸಿದ, ಮುಗಿಯಿತು. ಅತ್ತೆಯ ಆರೈಕೆಯಲ್ಲಿ ಎಷ್ಟು ಮಾಡಿದರೂ ನಾಳೆ ಇವತ್ತಿಗಿಂತ ಸ್ವಲ್ಪ ಕಡಿಮೆಯೇ. ಮಾಡಿದ್ದಕ್ಕೆ ಹೊಟ್ಟೆ ತುಂಬಿತು ಅಂತ ತೋರಿಸುವ ಒಂದು ಜೀವ ಮನೆಯಲ್ಲಿ ಇದ್ದರೆ ನನಗಂತೂ ಬಲ ಬರುತ್ತದೆ. ನಿಮ್ಮ ಕೆಲಸವೂ ಹಾಗೇ ಅಲ್ವಾ ಸಿಸ್ಟರ್? ಇಟ್ಟುಕೊಳ್ಳಿ.

ಪಶುವೈದ್ಯೆ, ಧಾರವಾಡ

ಸಿಸ್ಟರ್, ಕೆಂಚಿಯ ಕಡೆಯಿಂದ ನಾನು ಮಾತಾಡುತ್ತೇನೆ.

ಮೊದಲು ಹೊತ್ತಿನ ಪ್ರಶ್ನೆ. ನೀವು ತರುತ್ತಿರುವುದು ಮರಿಯಲ್ಲ. ಮರಿಯಾಗಿದ್ದರೆ ನಿಮ್ಮ ಡ್ಯೂಟಿ ನೋಡಿ ಬೇಡ ಅಂತಿದ್ದೆ. ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ಕಚ್ಚಾಟ, ಕಲಿಸುವುದು, ಯಾರಾದರೂ ಜೊತೆಗಿರಲೇಬೇಕು. ಏಳು ವರ್ಷದ ನಾಯಿ ಹಗಲೆಲ್ಲ ಬಹುಪಾಲು ಮಲಗಿಯೇ ಇರುತ್ತದೆ. ಅದೇ ಅಂಗಳ, ಅದೇ ಮೆಟ್ಟಿಲು, ಅದೇ ಬೀದಿಯ ವಾಸನೆಗಳು. ಅವಳ ಪಾಲಿಗೆ ಬದಲಾಗುವುದು ಊಟ ಹಾಕುವ ಕೈ ಮಾತ್ರ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಓಡಾಟ, ಮಧ್ಯಾಹ್ನ ಸ್ಕೂಲಿನಿಂದ ಬರುವ ಮಗಳು. ಸಾಕು. ಆಂಟಿ ಹೋದ ಮೊದಲ ಕೆಲವು ವಾರ ಊಟ ಬಿಡಬಹುದು, ಗೇಟಿನ ಹತ್ತಿರವೇ ಮಲಗಬಹುದು. ಅವರು ಹೊರಡುವ ಮೊದಲೇ ಊಟ ಹಾಕುವುದನ್ನು ನೀವು ಶುರು ಮಾಡಿ. ಆಂಟಿಯ ಹಳೇ ಸೀರೆಯೊಂದನ್ನು ಅವಳ ಮಲಗುವ ಜಾಗದಲ್ಲಿ ಹಾಸಿ.

ನಿಮ್ಮ ಆಯಾಸ ಅವಳಿಗೆ ತಟ್ಟುತ್ತದಾ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ತಟ್ಟುತ್ತದೆ. 2019ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು ನಾಯಿಗಳ ಕೂದಲು ಮತ್ತು ಅವುಗಳ ಒಡತಿಯರ ತಲೆಗೂದಲು ತೆಗೆದು ಕಾರ್ಟಿಸೋಲ್ ಅಳೆದು ನೋಡಿದರು. ಅದು ಒತ್ತಡದಲ್ಲಿ ಏರುವ ಹಾರ್ಮೋನು, ಕೂದಲಲ್ಲಿ ತಿಂಗಳುಗಟ್ಟಲೆಯ ಲೆಕ್ಕ ಉಳಿದಿರುತ್ತದೆ. ಒಡತಿಗೆ ಜಾಸ್ತಿ ಇದ್ದಲ್ಲಿ ನಾಯಿಗೂ ಜಾಸ್ತಿ ಇತ್ತು. ಅದಕ್ಕೆ ಹೆದರಬೇಡಿ. ನೀವು ಮೆಟ್ಟಿಲ ಮೇಲೆ ಮಾಡುತ್ತಿರುವುದೇ ಸರಿ. ಮೊದಲು ಸ್ನಾನ, ಕಾಫಿ, ಆಮೇಲೆ ಅವಳು. ಅವಳ ಜೊತೆಗಿರುವಾಗ ಅವಳಿಗೆ ಬೇಕಾದ್ದನ್ನೂ ಮಾಡಿ. ನಡೆಸಿ, ಮೂಸಲು ಬಿಡಿ, ಅವಳು ಎದ್ದು ಹೋದರೆ ಹೋಗಲು ಬಿಡಿ. ಅಪ್ಪಿ ಹಿಡಿದುಕೊಳ್ಳುವುದು ನಮಗೆ ಇಷ್ಟ, ಎಷ್ಟೋ ನಾಯಿಗಳಿಗೆ ಇಷ್ಟವಿಲ್ಲ. ಅವಳೇ ಬಂದು ಗದ್ದ ಇಡುತ್ತಾಳೆ ಅಂದರೆ ಅವಳಿಗೆ ಅದು ಬೇಕು ಅಂತಲೇ ಅರ್ಥ.

ಇನ್ನು ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಬ್ಯಾಗಿನ ಬಗ್ಗೆ. ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ವಿಷ. ಕರುಳು, ಮೂತ್ರಪಿಂಡ ಎರಡೂ ಕೆಡುತ್ತವೆ. ಪ್ಯಾರಾಸಿಟಮಾಲ್ ಕೂಡ ಕೊಡಬಾರದು. ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟಾನಿಲ್ ಪ್ಯಾಚ್ ಇದ್ದರೆ ಇನ್ನೂ ಎಚ್ಚರ. ಬಳಸಿ ತೆಗೆದ ಪ್ಯಾಚಿನಲ್ಲೂ ಔಷಧಿ ಉಳಿದಿರುತ್ತದೆ. ನಾಯಿ ಅಗಿದರೆ ಜೀವಕ್ಕೇ ಅಪಾಯ. ಗಾಯದ ಹತ್ತಿ, ಬ್ಯಾಂಡೇಜು ವಾಸನೆಗೆ ನಾಯಿ ಹುಡುಕಿಕೊಂಡು ಹೋಗುತ್ತದೆ. ಬ್ಯಾಗ್ ಎತ್ತರದ ಕಪಾಟಿನಲ್ಲಿ ಇರಲಿ, ಡ್ಯೂಟಿ ಬಟ್ಟೆ ಮುಚ್ಚಳವಿರುವ ಬಕೆಟ್ಟಿನಲ್ಲಿ.

ಉಣ್ಣಿಯನ್ನು ಬರಿಗೈಯಲ್ಲಿ ತೆಗೆಯಬೇಡಿ, ಉಗುರಲ್ಲಿ ಹಿಸುಕಲೂ ಬೇಡಿ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಉಣ್ಣಿ ಜ್ವರ ನಮ್ಮ ಕಡೆ ತುಂಬಾ ಸಾಮಾನ್ಯ. ಊಟ ಬಿಟ್ಟು ಮಂಕಾಗಿ ಕೂತರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಕಾಯಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಅನ್ನ, ಮುದ್ದೆ, ಮೊಟ್ಟೆ, ಮೊಸರು ಸರಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ.

ಚೆನ್ನಾಗಿ ನೋಡಿಕೊಂಡ ನಾಡುನಾಯಿ 12–14 ವರ್ಷ ಇರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೆಂಚಿಗೆ ಈಗ ನಡುವಯಸ್ಸು.

ಐಸಿಯು ಬ್ರದರ್, ಮಂಗಳೂರು

ನಾನು ಐಸಿಯುನಲ್ಲಿ ಕೆಲಸ ಮಾಡುತ್ತೇನೆ ಸಿಸ್ಟರ್, ಹಾಸ್ಟೆಲ್ ವಾಸ. ನಾಯಿ ಸಾಕಲು ಆಗುವುದಿಲ್ಲ. ನೈಟ್ ಮುಗಿಸಿ ಹೊರಗೆ ಬಂದರೆ ಗೇಟಿನ ಪಕ್ಕ ಟೀ ಅಂಗಡಿಯ ಹತ್ತಿರ ಒಂದು ಬೊಗ್ಗಿ, ಅಂದರೆ ಹೆಣ್ಣು ನಾಯಿ, ಇರುತ್ತಾಳೆ. ವೆಂಟಿಲೇಟರಿನ ಅಲಾರಂ ಕಿವಿಯಲ್ಲಿ ಇನ್ನೂ ಹೊಡೆಯುತ್ತಿರುತ್ತದೆ. ಅವಳ ಪಕ್ಕ ಟೀ ಕುಡಿಯುತ್ತಾ ಕೂತರೆ ನಿಧಾನಕ್ಕೆ ನಿಲ್ಲುತ್ತದೆ. ನಾವು ಕೆಲವರು ಸೇರಿ ದುಡ್ಡು ಹಾಕಿ ಅವಳಿಗೆ ಲಸಿಕೆ ಹಾಕಿಸಿದೆವು, ಮರಿಯಾಗದ ಹಾಗೆ ಆಪರೇಷನ್ನೂ ಮಾಡಿಸಿದೆವು.

ನಮ್ಮ ಕಸುಬಿನ ಹಿರಿಯಕ್ಕ ಫ್ಲಾರೆನ್ಸ್ ನೈಟಿಂಗೇಲ್, ಬಹಳ ಕಾಲ ಹಾಸಿಗೆ ಹಿಡಿದವರಿಗೆ ಸಣ್ಣ ಸಾಕುಪ್ರಾಣಿ ಒಳ್ಳೆಯ ಜೊತೆ ಅಂತ ಬರೆದಿದ್ದಾರೆ. ಅವರೇ 1850ರಲ್ಲಿ ಗ್ರೀಸಿನ ಅಥೆನ್ಸ್‌ನಲ್ಲಿ ಸಿಕ್ಕಿದ ಗೂಬೆ ಮರಿಯನ್ನು ಸಾಕಿ, ಅಥೆನಾ ಅಂತ ಹೆಸರಿಟ್ಟು, ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ರೋಗಿಗೆ ಬೇಕು ಅಂದಮೇಲೆ ರೋಗಿಯನ್ನು ನೋಡುವವರಿಗೂ ಬೇಕು. ಅಂಗಳ ಇದೆ, ಮನೆಯವರು ಒಪ್ಪಿದ್ದಾರೆ. ನಿಮಗೆ ಸಿಕ್ಕಿರುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಸಿಗುವುದಿಲ್ಲ ಸಿಸ್ಟರ್.

ಆಪ್ತ ಸಮಾಲೋಚಕಿ, ಶಿವಮೊಗ್ಗ

ಎಲ್ಲರೂ ಹೌದು ಅಂದಿದ್ದಾರೆ. ನಾನೂ ಹೌದು ಅನ್ನುತ್ತೇನೆ, ಆದರೆ ಒಂದು ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ತಡೆದು ನಿಲ್ಲಿಸಬೇಕು.

ಮಗಳ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ ಅಂದಿದ್ದೀರಿ. ಇದು ಬರೀ ಸುಸ್ತಲ್ಲ. ಎಮರ್ಜೆನ್ಸಿ ವಿಭಾಗದ ನರ್ಸ್‌ಗಳ ಬಗ್ಗೆ ಅಮೆರಿಕದ ಕಾರ್ಲಾ ಜಾಯಿನ್ಸನ್ 1992ರಲ್ಲೇ ಬರೆದಿದ್ದರು. ಬೇರೆಯವರ ನೋವಿಗೆ ಮರುಗಿ ಮರುಗಿ ಕೊನೆಗೆ ಮರುಗುವ ಶಕ್ತಿಯೇ ಬತ್ತುವ ಸ್ಥಿತಿ. ಮುಂದೆ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಅದನ್ನು ಇನ್ನೂ ಆಳವಾಗಿ ಅಭ್ಯಾಸ ಮಾಡಿದರು. ಇದು ಒಳ್ಳೆಯ ನರ್ಸ್‌ಗಳಿಗೇ ಬರುತ್ತದೆ, ಯಾಕಂದರೆ ಅವರು ಮನಸ್ಸಿಟ್ಟು ಕೆಲಸ ಮಾಡುತ್ತಾರೆ.

ನಾಯಿ ಇದಕ್ಕೆ ನೆರವಾಗುತ್ತದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಮತ್ತು ಅದನ್ನು ಸಾಕಿದವರು ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದ ಜೋಡಿಗಳಲ್ಲಿ ಇಬ್ಬರಿಗೂ ಆಕ್ಸಿಟೋಸಿನ್ ಏರಿತ್ತು. ತಾಯಿ ಮಗುವನ್ನು ನೋಡುವಾಗ ಏರುವ ಹಾರ್ಮೋನು ಅದು. ಸಾಕಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ಹಾಗಾಗಿ ನಿಮಗೆ ಸಿಗುತ್ತಿರುವ ನೆಮ್ಮದಿ ಬರೀ ಭಾವನೆಯಲ್ಲ, ಮೈಯಲ್ಲೇ ನಡೆಯುವ ಸಂಗತಿ.

ಆದರೆ ನಾಯಿ ನಿಮಗೆ ರಜೆ ಕೊಡಿಸುವುದಿಲ್ಲ. "ದುಬೈ ಮಗನನ್ನು ಕರೆಸಿ ಅಂದೆಯಲ್ಲ, ಸರಿಯಾಗಿಯೇ ಹೇಳಿದೆ" ಅನ್ನುವುದಿಲ್ಲ. ಆ ಮಾತು ಮನುಷ್ಯರಿಂದಲೇ ಬರಬೇಕು. ಮನೆಯವರಿಗೆ ಹೇಳಲು ಆಗದಿದ್ದರೆ ಅದೇ ಕೆಲಸ ಮಾಡುವ ಇನ್ನೊಬ್ಬ ನರ್ಸ್ ಹತ್ತಿರ ಹೇಳಿ. ಯಾರೂ ಇಲ್ಲ ಅನ್ನಿಸಿದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಮನೆ ಸಿಸ್ಟರ್, ಮೈಸೂರು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಜನ ಕೂತು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಶಿವಮೊಗ್ಗದ ಮೇಡಂ, ನಂಬರ್ ಬರೆದಿಟ್ಟುಕೊಂಡೆ. ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದಾರೆ, ಅವರ ಹತ್ತಿರ ಮಾತಾಡುತ್ತೇನೆ. ಆದರೆ ಒಂದನ್ನು ನಾನು ಒಪ್ಪುವುದಿಲ್ಲ. ಎಲ್ಲಾ ಭಾರವೂ ಮಾತಿನಿಂದ ಇಳಿಯುತ್ತದೆ ಅನ್ನುವುದು. ಮಾತೇ ನನ್ನ ಕೆಲಸ. ನೋವಿಗೆ ಮಾರ್ಫಿನ್ ಯಾಕೆ ಕೊಡುತ್ತಿದ್ದೇವೆ, ಅದು ಚಟ ಆಗುವುದಿಲ್ಲ, ಊಟ ಬಿಟ್ಟರು ಅಂತ ಬಲವಂತ ಮಾಡಬೇಡಿ, ಉಸಿರಿನ ಸದ್ದಿಗೆ ಹೆದರಬೇಡಿ. ದಿನವೆಲ್ಲ ಇದನ್ನೇ ಮೆತ್ತಗೆ, ಮತ್ತೆ ಮತ್ತೆ ಹೇಳುತ್ತೇನೆ. ಅಡುಗೆ ಭಟ್ಟರಿಗೆ ಸಂಜೆ ಹೊತ್ತಿಗೆ ಒಗ್ಗರಣೆ ವಾಸನೆಯೇ ಬೇಡ ಅನ್ನಿಸುತ್ತದಲ್ಲ, ಹಾಗೆ ನನಗೆ ಮಾತು. ಮೊದಲು ಮಾತಿಲ್ಲದ ಒಂದಷ್ಟು ಹೊತ್ತು ಸಿಕ್ಕರೆ, ಆಮೇಲೆ ಮಾತಾಡಬಲ್ಲೆ. ನಿನ್ನೆ ನಿಮ್ಮದನ್ನು ಓದಿದ ಮೇಲೆ ಕೆಂಚಿಯ ಹತ್ತಿರ ಕೂತು ಎದ್ದು ಹೋಗಿ, ದುಬೈ ಮಗನ ಕಥೆಯನ್ನು ಗಂಡನಿಗೆ ಹೇಳಿದೆ. ಅವರು ಏನೂ ಹೇಳದೆ ಕೇಳಿಸಿಕೊಂಡರು. ಆ ಹುಡುಗ ಬಂದಿದ್ದಾನೆ, ಅಪ್ಪನಿಗೆ ತಾನೇ ಸ್ಪಂಜ್ ಬಾತ್ ಮಾಡಿಸುತ್ತಿದ್ದಾನೆ. ಅದನ್ನೂ ಹೇಳಿದೆ.

ಸಕಲೇಶಪುರದ ಅಕ್ಕ, ಹೊಟ್ಟೆ ತುಂಬಿತು ಅಂತ ತೋರಿಸುವ ಜೀವ ಅಂದಿರಲ್ಲ, ಅದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಅತ್ತೆಗೆ ಸಂಜೆ ಮನೆಯ ಲೈಟುಗಳನ್ನು ಕತ್ತಲಾಗುವ ಮೊದಲೇ ಹಾಕಿ ನೋಡಿ. ನೆರಳು ಕಡಿಮೆಯಾದರೆ ಕೆಲವರಿಗೆ ಗಾಬರಿ ತಗ್ಗುತ್ತದೆ.

ಆದರೆ ಕೊನೆಯ ಪ್ರಶ್ನೆ ಹಾಗೇ ಉಳಿದಿದೆ. ಅವಳನ್ನು ಕಳಿಸಿಕೊಡುವುದು.

ಮದ್ದೂರಿನ ನಿವೃತ್ತ ಮೇಷ್ಟ್ರು

ತಾಯಿ, ಆ ಪ್ರಶ್ನೆಗೆ ನಮ್ಮ ತಾಲ್ಲೂಕಿನ ಒಂದು ಕಲ್ಲಿನ ಕಥೆ ಹೇಳುತ್ತೇನೆ.

ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರಿದೆ. ಸಾವಿರ ವರ್ಷಕ್ಕೂ ಹಿಂದಿನ ಮಾತು. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಕಾಳಗ ಆಯಿತು. ಕೃಷ್ಣನ ಕಡೆ ಗಂಗರ ಬೂತುಗ ಇದ್ದ. ಬೂತುಗನ ಕಡೆಯ ವೀರ ಮಣಲೇರ. ಚೋಳ ರಾಜಾದಿತ್ಯ ಸತ್ತ, ಕೃಷ್ಣ ಗೆದ್ದ. ಮಣಲೇರನ ಹೋರಾಟಕ್ಕೆ ಮೆಚ್ಚಿದ ದೊರೆ, ಏನು ಬೇಕೋ ಕೇಳು ಅಂದ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ.

ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಹೋರಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಡಿಸಿದ. ಅದರ ಪೂಜೆಗೆ ಜಮೀನು ಬಿಟ್ಟ. ಪೂಜೆ ಮಾಡುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದೆ. ಮೇಲ್ಭಾಗದಲ್ಲಿ ನಾಯಿ ಹಂದಿಯ ಮೇಲೆ ಬಿದ್ದಿರುವುದನ್ನು ಕೆತ್ತಿದ್ದಾರೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅದರ ಮುಂದೆ ನಿಲ್ಲಿಸುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಮಣಲೇರನೂ ನಿಮ್ಮ ಹಾಗೆ ಸಾವಿನ ನಡುವೆಯೇ ಕೆಲಸ ಮಾಡಿದವನು. ರಣರಂಗದಿಂದ ಬಂದವನು. ಸಾವು ನೋಡಿ ನೋಡಿ ಅವನ ಮನಸ್ಸು ಕಲ್ಲಾಗಬಹುದಿತ್ತು, ಇನ್ನು ಯಾವುದನ್ನೂ ಹಚ್ಚಿಕೊಳ್ಳುವುದು ಬೇಡ ಅನ್ನಿಸಬಹುದಿತ್ತು. ಆತ ಬೇಡಿದ್ದು ಒಂದು ಜೀವವನ್ನು. ಅದೂ ಹೋಯಿತು. ಹೋದ ಮೇಲೆ ನಾಚಿಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ ದುಃಖಪಟ್ಟ.

ನಿಮ್ಮ ಕೆಲಸದಲ್ಲಿ ನಿಮಗೆ ಅಳುವ ಹಕ್ಕಿಲ್ಲ ತಾಯಿ. ಅಲ್ಲಿ ಅಳುವವರು ಮನೆಯವರು, ನೀವು ಧೈರ್ಯ ಹೇಳುವವರು. ಕೆಂಚಿಯ ಸರದಿ ಬಂದ ದಿನ ನೀವೇ ಮನೆಯವರು. ಮನಸ್ಸು ಬಿಚ್ಚಿ ಅಳಬಹುದು. ನಿಮ್ಮ ಪಕ್ಕ ಗಂಡ, ಮಗಳು ಇರುತ್ತಾರೆ, ಧೈರ್ಯ ಅವರು ಹೇಳುತ್ತಾರೆ. ನಮ್ಮ ಮನೆಯ ನಾಯಿ ಹೋದಾಗ ನನ್ನ ಹೆಂಡತಿ ಎರಡು ದಿನ ಒಲೆ ಹಚ್ಚಲಿಲ್ಲ. ಅದು ಅವಳು ಸೋತಿದ್ದಲ್ಲ.

ಮನೆಮನೆ ಸಿಸ್ಟರ್, ಮೈಸೂರು

ಮೇಷ್ಟ್ರೇ, ಕೆಲಸ ಶುರು ಮಾಡಿದಾಗಿನಿಂದ ಯಾರ ಮನೆಯಲ್ಲೂ ನಾನು ಅತ್ತಿಲ್ಲ. ಸ್ಕೂಟರ್ ಹತ್ತಿದ ಮೇಲೂ ಇಲ್ಲ. ಮುಂದಿನ ಮನೆಗೆ ಕೆಂಪು ಕಣ್ಣಿನಲ್ಲಿ ಹೋಗಬಾರದು ಅಂತ. ನಿಮ್ಮ ಮಾತು ಓದಿ ಇವತ್ತು ಅತ್ತೆ. ಮಗಳು ಬಂದು ಪಕ್ಕ ಕೂತಳು. ಮುಂದಿನ ರಜೆಯಲ್ಲಿ ಅವಳಿಗೆ ಕಾಳಿಯ ಕಲ್ಲು ತೋರಿಸುತ್ತೇನೆ.

ಆಂಟಿಗೆ ಹೂಂ ಅಂದೆ. ಇವತ್ತು ರಾತ್ರಿಯಿಂದ ಊಟ ನಾನೇ ಹಾಕುವುದು. ಹಳೇ ಸೀರೆಯನ್ನೂ ಕೇಳಿದೆ. ಯಾಕೆ ಅಂತ ಹೇಳಿದ್ದಕ್ಕೆ ಆಂಟಿ ಒಂದಲ್ಲ ಎರಡು ಕೊಟ್ಟರು. ಬ್ಯಾಗಿಗೆ ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡಿದ್ದೇನೆ. ಮಗಳಿಗೆ ಬೆಳಗಿನ ವಾಕಿಂಗ್, ನನಗೆ ಸಂಜೆ, ಗಂಡನಿಗೆ ಸೆಕೆಂಡ್ ಶಿಫ್ಟ್ ಇದ್ದ ದಿನ ಮಧ್ಯಾಹ್ನದ ತನಕ ಅವರದೇ.

ಧಾರವಾಡದ ಡಾಕ್ಟ್ರೇ, ಒಂದು ಕೇಳುವುದಿದೆ. ಕೆಂಚಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಲ್ಲವಂತೆ. ಅಂಕಲ್ ಈಗ ಹೇಳಿದರು. ಈ ವಯಸ್ಸಿನಲ್ಲಿ ಮಾಡಿಸಬಹುದಾ, ಹಾಗೇ ಬಿಡುವುದು ಒಳ್ಳೆಯದಾ?

ಪಶುವೈದ್ಯೆ, ಧಾರವಾಡ

ಮಾಡಿಸಿ. ವಯಸ್ಸಾದ ಹೆಣ್ಣು ನಾಯಿಗಳಿಗೆ ಬೆದೆ ಮುಗಿದ ಕೆಲವು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ. ಅದು ಬಂದ ಮೇಲೆ ಮಾಡುವ ಆಪರೇಷನ್ ಕಷ್ಟ. ಆರೋಗ್ಯವಾಗಿದ್ದಾಗಲೇ ಮಾಡಿಸುವುದು ಒಳ್ಳೆಯದು. ಮೊದಲು ರಕ್ತ ಪರೀಕ್ಷೆ. ಪ್ಲೇಟ್‌ಲೆಟ್, ಮೂತ್ರಪಿಂಡ, ಲಿವರ್ ನೋಡಿಸಿ. ಉಣ್ಣಿ ಜ್ವರ ಒಳಗೇ ಇದ್ದರೆ ಅದನ್ನು ವಾಸಿ ಮಾಡಿಕೊಂಡು ಆಮೇಲೆ ಮಾಡಿಸಬೇಕು. ಅಂಕಲ್ ಹೊರಟ ಕೂಡಲೇ ಬೇಡ. ಅವಳು ನಿಮ್ಮ ಮನೆಗೆ ಹೊಂದಿಕೊಳ್ಳಲಿ. ಅಲ್ಲಿಯವರೆಗೆ ಜಾಸ್ತಿ ನೀರು ಕುಡಿಯುವುದು, ಹಿಂದೆ ಕೀವಿನ ಹಾಗೆ ಸೋರುವುದು, ವಾಂತಿ, ಊಟ ಬಿಡುವುದು ಕಂಡರೆ ತಕ್ಷಣ ಡಾಕ್ಟರಿಗೆ ತೋರಿಸಿ. ಕೊನೆಯ ಬೆದೆ ಯಾವಾಗ ಬಂದಿತ್ತು ಅಂತ ಆಂಟಿಯನ್ನು ಅವರು ಊರು ಬಿಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.